ಹರಿದು ತೆಗೆದ ಮೊದಲ ಹಾಳೆ

"ಮೊದಲನೇ ಹಾಳೇಲಿ ಯಾರೋ ಏನೋ ಗೀಚಿದ್ರು, ಹರಿದು ತೆಗ್ದಿದ್ದೀನಿ. ಈಗ ನೀಟಾಗಿದೆ ನೋಡಿ."

ಈ ವಾರ ಮಡಿಕೇರಿ ಹತ್ತಿರದ ಒಂದು ತೋಟದ ಮನೆಯಲ್ಲಿ ಕೇಳಿದ ಮಾತು. ಮಳೆ ಹಿಡಿಯುವ ಮೊದಲು ಅಟ್ಟ ಖಾಲಿಯಾಗಬೇಕು, ಮನೆಯ ಅರ್ಧ ಭಾಗ ಹೋಂಸ್ಟೇ ಆಗಲಿದೆ. ಹಾಗೆಂದ ಅಕ್ಕ ಪುಸ್ತಕಗಳನ್ನು ಗುಜರಿಗೆ ತೂಗಿ ಕೊಡುವವರಲ್ಲ. ಒಂದೊಂದನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಓದುವವರ ಕೈಗೇ ಸೇರಲಿ ಅಂತ ಜೋಡಿಸಿಟ್ಟಿದ್ದರು. ಅಷ್ಟು ಕಾಳಜಿಯ ಕೈಯೇ ಆ ಹಾಳೆ ಹರಿಯಿತು ಎಂಬುದೇ ಸಂಕಟ.

ಅದೊಂದು ಕಥಾಸಂಕಲನ. ಬೆಲೆ ರೂಪಾಯಿ-ಆಣೆಯಲ್ಲಿದೆ, ಅಂದರೆ 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬರುವುದಕ್ಕಿಂತ ಹಿಂದಿನದು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ 'ಮೊದಲ ಮುದ್ರಣ', 'ಪ್ರತಿಗಳು 1000'. ಮುಂದಿನ ಖಾಲಿ ಹಾಳೆ ಇದ್ದ ಕಡೆ ಹೊಲಿಗೆಯ ಪಕ್ಕ ಬೆರಳಗಲದ ಪಟ್ಟಿಯಷ್ಟೇ ಉಳಿದಿದೆ. ಆದರೆ ಎದುರಿಗೆ, ರಟ್ಟಿನ ಒಳಮೈಗೆ ಅಂಟಿಸಿದ ಕಾಗದದ ಮೇಲೆ, ತಿರುವುಮುರುವಾದ ಅಕ್ಷರಗಳು ಮಸುಕಾಗಿ ಮೂಡಿದ್ದವು. ಎಷ್ಟೋ ಮಳೆಗಾಲಗಳ ತೇವಕ್ಕೆ ಪೆನ್ನಿನ ಶಾಯಿ ಹಾಳೆಯಿಂದ ರಟ್ಟಿಗೆ ಇಳಿದಿತ್ತು. ಕೊಡಗಿನ ತೇವ ಪುಸ್ತಕಕ್ಕೆ ಮಾಡಿದ ಉಪಕಾರ ಬಹುಶಃ ಇದೊಂದೇ.

ಇಂಥ ಅಚ್ಚನ್ನು ಓದಲು ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಕಾಗದದ ಅಂಚಿಗೆ ಸಮನಾಗಿ ಮಲಗಿಸಿ ಹಿಡಿಯಬೇಕು. ಅಡ್ಡ ಬೆಳಕಿಗೆ ನಿಬ್ಬಿನ ಒತ್ತು ಮುಂದಿನ ಹಾಳೆಯಲ್ಲೂ ಕಾಣಬಹುದು. ಫೋಟೋ ತೆಗೆದು ಫೋನಿನಲ್ಲೇ ಎಡಬಲ ತಿರುಗಿಸಿ, ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿದರೆ ಮುಗಿಯಿತು. ಪೆನ್ಸಿಲ್ ಉಜ್ಜಿ ಅಕ್ಷರ ಎಬ್ಬಿಸಲು ಹೋಗಲೇಬಾರದು, ಇರುವುದೂ ಕೆಡುತ್ತದೆ. ಇಲ್ಲಿ ಸಿಕ್ಕಿದ್ದು ಇಷ್ಟು: '...ರಿಗೆ', 'ಪ್ರೀತಿಯಿಂದ', 'ಮಡಿಕೇರಿ', ಕೊನೆಗೆ '3-56'. ಅಂದರೆ 1956ರ ಮಾರ್ಚ್, ಕೊಡಗು ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ ಎಂಟು ತಿಂಗಳಿತ್ತು. ಸಹಿಯ ಮೊದಲ ಅಕ್ಷರ ಲೇಖಕರ ಹೆಸರಿನದೇ. ಯಾರಿಗೆ ಕೊಟ್ಟರೋ ಆ ಹೆಸರಿದ್ದ ಜಾಗವನ್ನು ಮಾತ್ರ ಹುಳು ತಿಂದಿದೆ.

ಈಗ ನೀಟಾಗಿದೆ ನೋಡಿ.

ಹೀಗೆ ಯೋಚಿಸಲು ಕಲಿಸಿದವರು ಹಳೆ ಪುಸ್ತಕ ಮಾರುವವರು. 'ಒಳಗೆ ಬರಹ ಇಲ್ಲ' ಎಂಬುದನ್ನೇ ಗುಣವೆಂದು ಹೇಳಿ ಹೇಳಿ, ಬರಹ ಇದ್ದರೆ ಕಸ ಎಂದು ಜನ ನಂಬುವಂತಾಗಿದೆ. ಓದುಗನ ಅಡಿಗೆರೆಗೂ ಲೇಖಕನ ಕೈಬರಹಕ್ಕೂ ವ್ಯತ್ಯಾಸ ಹೇಳಿಕೊಡುವವರಿಲ್ಲ. ಲೈಬ್ರರಿ ಬೈಂಡಿಂಗೂ ಇದೇ ಕೆಲಸ ಮಾಡಿದೆ. ಮರುಕಟ್ಟುವಾಗ ಮೊದಲು ಹೋಗುವುದು ಮುಂದಿನ ಖಾಲಿ ಹಾಳೆ, ಆಮೇಲೆ ಮೂರೂ ಅಂಚು.

ಸಾವಿರ ಪ್ರತಿಗಳಲ್ಲಿ ಕಥೆ ಒಂದೇ, ಆ ಹಾಳೆ ಮಾತ್ರ ಒಂದೇ ಪ್ರತಿಯಲ್ಲಿ. ಬರೀ ಸಹಿಗಿಂತ ಪಡೆದವರ ಹೆಸರು ಹಾಕಿ ಬರೆದದ್ದು ಮೇಲು. ವಿಮರ್ಶಕರಿಗೆ 'ಅಭಿಪ್ರಾಯಕ್ಕಾಗಿ' ಎಂದು ಕಳಿಸಿದ್ದಕ್ಕಿಂತ ಗೆಳೆಯನಿಗೆ ಕೊಟ್ಟದ್ದು ಮೇಲು. ಪುಸ್ತಕ ಯಾರಿಗೆ ಅರ್ಪಣೆಯಾಗಿದೆಯೋ ಅವರದೇ ಪ್ರತಿ ಸಿಕ್ಕರೆ ಅದಕ್ಕಿಂತ ದೊಡ್ಡದಿಲ್ಲ. ದುಡ್ಡಿನ ಲೆಕ್ಕ ಹೇಳುತ್ತಿಲ್ಲ. ಕೊಡಗಿನಂಥ ಸಣ್ಣ ನಾಡಿನಲ್ಲಿ ಬರೆಯುವವರು ಕಡಿಮೆ, ಅವರ ಪತ್ರಗಳನ್ನು ಉಳಿಸಿಕೊಂಡ ಮನೆಗಳು ಇನ್ನೂ ಕಡಿಮೆ. ಯಾರು ಯಾರನ್ನು ಓದಿದರು, ಯಾರ ಜೊತೆ ಕೂತು ಮಾತಾಡಿದರು ಎಂಬುದಕ್ಕೆ ಎಷ್ಟೋ ಸಲ ಆ ನಾಲ್ಕು ಸಾಲು ಬಿಟ್ಟರೆ ಬೇರೆ ದಾಖಲೆಯೇ ಇಲ್ಲ. ಕೊಡವರ ಹಾಡು, ಪದ್ಧತಿಗಳನ್ನು ಕೂಡಿಹಾಕಿದ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ಅಚ್ಚಾದದ್ದು 1924ರಲ್ಲಿ, ಅವರು ತೀರಿಕೊಂಡದ್ದು 1931ರಲ್ಲಿ. ಅವರೇ ಕೈಯಾರೆ ಬರೆದು ಕೊಟ್ಟ ಅಚ್ಚಿನ ಪ್ರತಿ ಎಲ್ಲಾದರೂ ಇದ್ದರೆ ಆ ಏಳು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಪಡೆದವರು ಯಾರೆಂಬುದೇ ಒಂದು ಚರಿತ್ರೆ.

ಮೋಸವೂ ಇದೆ. ಕಥೆಗಾರ್ತಿ ಕೊಡಗಿನ ಗೌರಮ್ಮ 1939ರಲ್ಲಿ ತೀರಿಕೊಂಡರು, 'ಕಂಬನಿ', 'ಚಿಗುರು' ಎರಡೂ ಸಂಕಲನ ಬಂದದ್ದು ಆಮೇಲೆ. ಅವುಗಳಲ್ಲಿ ಅವರ ಸಹಿ ಇದೆ ಎಂದು ಯಾರಾದರೂ ತಂದರೆ ಅಲ್ಲಿಗೇ ಮಾತು ಮುಗಿಯಿತು. 1940ರ ತಾರೀಖಿನ ಕೆಳಗೆ ಬಾಲ್‌ಪೆನ್ನಿನ ಗೀರು ಕಂಡರೂ ಅಷ್ಟೇ, ಬಾಲ್‌ಪೆನ್ ಅಮೆರಿಕದ ಅಂಗಡಿಗೇ ಬಂದದ್ದು 1945ರಲ್ಲಿ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಇನ್ನೊಂದು ನಂಬುಗೆಯ ಗುರುತು ಕಾಗದದ್ದೇ. ಹೊಸ ಕಾಗದದ ಮೈಗೆ ಅಂಟಿನ ಲೇಪ ಇರುತ್ತದೆ, ಶಾಯಿ ಗೆರೆಯಾಗಿ ನಿಲ್ಲುತ್ತದೆ. ಹಳತಾದಂತೆ ಆ ಲೇಪದ ಶಕ್ತಿ ಹೋಗುತ್ತದೆ, ಅದರ ಮೇಲೆ ಈಗ ಬರೆದ ಶಾಯಿ ಅಂಚಿನಲ್ಲಿ ಹರಡುತ್ತದೆ, ಹಿಂಬದಿಗೂ ಇಳಿಯುತ್ತದೆ. ಭೂತಗನ್ನಡಿಯಲ್ಲಿ ಕಂದು ಚುಕ್ಕೆಗಳ ಸುತ್ತ ನೋಡಬೇಕು. ಇಷ್ಟಾಗಿಯೂ ಅದೇ ಲೇಖಕರ ಪತ್ರವೊಂದರ ಅಕ್ಷರದ ಜೊತೆ ಹೋಲಿಸದೆ ಹೌದು ಅನ್ನಬಾರದು.

ಹರಿದ ಹಾಳೆ ಏನಾಯಿತು ಎಂದು ಕೇಳಿದ್ದಕ್ಕೆ, "ಬಚ್ಚಲ ಒಲೆಗೆ ಹಾಕ್ದೆ" ಅಂದರು. ಆಮೇಲೆ ಫೋನಿನಲ್ಲಿ ತಿರುಗಿಸಿದ ಫೋಟೋ ನೋಡಿ, ತುಂಬ ಹೊತ್ತು ಓದಿ, "ನಮ್ಮ ಮಾವನ ಹೆಸರಿದ್ದಿರಬಹುದಾ?" ಅಂದರು. ಇದ್ದಿರಬಹುದು. ಹೇಳಲು ಈಗ ಆಧಾರವಿಲ್ಲ.

ಅಟ್ಟದಲ್ಲಿ ಇನ್ನೆರಡು ಪೆಟ್ಟಿಗೆ ಉಳಿದಿವೆ. ಅವಕ್ಕೆ ಒಪ್ಪಿದ ಕ್ರಮ ಇದು: ಬೂಷ್ಟು ಕಂಡ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಬಿಸಿಲಿಗೂ ಇಡಬಾರದು. ನೆರಳಿನಲ್ಲಿ ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ, ಆಮೇಲೆ ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್ಷಿನಲ್ಲಿ ಕೊಡವಬೇಕು. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡ, ಸುತ್ತಲು ನ್ಯೂಸ್‌ಪೇಪರ್ ಬೇಡ. ಬಿಡಿಯಾದ ಹಾಳೆ, ಚೀಟಿ, ಲಕೋಟೆ ಯಾವ ಪುಸ್ತಕದಲ್ಲಿ ಸಿಕ್ಕಿತೋ ಅದರೊಳಗೇ ಇರಲಿ. ಮೊದಲ ಹಾಳೆಯಲ್ಲಿ ಏನೇ ಬರೆದಿದ್ದರೂ ಫೋಟೋ ತೆಗೆದು, ಮಾವನವರ ಗೆಳೆಯರ ಪೈಕಿ ಇನ್ನೂ ಇರುವ ಹಿರಿಯರಿಗೆ ಈ ಮಳೆಗಾಲದೊಳಗೇ ತೋರಿಸುತ್ತಾರಂತೆ.