ಮಗು ಏನೂ ತಿನ್ನಲ್ವಂತೆ

"ನಮ್ ಪಾಪು ಏನೂ ತಿನ್ನಲ್ಲ ಕಣ್ರೀ, ಹೆಲ್ದಿಯಾಗಿರೋ ಸ್ನ್ಯಾಕ್ಸ್ ಏನಾದ್ರೂ ಹೇಳಿ." ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ.

ಮೊದಲು ಆ "ಏನೂ" ಅನ್ನೋದರ ಲೆಕ್ಕ ಹಾಕೋಣ. ನಾಲ್ಕು ಗಂಟೆಗೆ ದೊಡ್ಡ ಲೋಟದ ತುಂಬ ಹಾಲು, ಅದಕ್ಕೆರಡು ಚಮಚ ಡಬ್ಬಿ ಪುಡಿ, ಅದ್ದಿಕೊಳ್ಳೋಕೆ ನಾಲ್ಕು ಬಿಸ್ಕತ್ತು. ಐದೂವರೆಗೆ ತಾತನ ಜೊತೆ ಅಂಗಡಿಗೆ ಹೋಗಿ ಬಂದರೆ ಕೈಯಲ್ಲಿ ಐದು ರೂಪಾಯಿ ಪ್ಯಾಕೆಟ್ಟು. ಏಳಕ್ಕೆ ಅಳು ನಿಲ್ಲಿಸೋಕೆ ಚಾಕೊಲೇಟು. ಎಂಟಕ್ಕೆ ಮುದ್ದೆ ಇಟ್ಟರೆ ಮುಖ ತಿರುಗಿಸುತ್ತೆ. ತಿರುಗಿಸದೆ? ಇಷ್ಟು ತಿಂದ ಮೇಲೆ ನಿಮಗೂ ಮುದ್ದೆ ಇಳಿಯಲ್ಲ.

ಇನ್ನು "ಹೆಲ್ದಿ". ಕೋಲಾರ ಸೀಮೆಯಲ್ಲಿ, ಸುತ್ತ ರಾಗಿ ಹೊಲ ಇಟ್ಕೊಂಡು, ರಾಗಿ ಬಿಸ್ಕತ್ತು ದುಡ್ಡು ಕೊಟ್ಟು ತರ್ತೀರಲ್ಲ, ಆ ಪ್ಯಾಕೆಟ್ಟಿನ ಹಿಂಭಾಗ ಒಮ್ಮೆ ಓದಿ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನ ಮೊದಲು ಬರೀಬೇಕು ಅಂತ ನಿಯಮ. ಗೋಧಿ ಹಿಟ್ಟೋ ಮೈದಾನೋ ಮೊದಲು, ಆಮೇಲೆ ಸಕ್ಕರೆ, ಎಣ್ಣೆ, ಎಲ್ಲೋ ಕೆಳಗೆ ರಾಗಿ ಅಂತಿದ್ದರೆ ಅದು ರಾಗಿ ಬಿಸ್ಕತ್ತಲ್ಲ, ರಾಗಿ ಬಣ್ಣದ ಬಿಸ್ಕತ್ತು.

ನನ್ನ ಉತ್ತರ ಒಂದೇ: ಹುರಿಹಿಟ್ಟು, ಅಂದರೆ ರಾಗಿ ಹುರಿದು ಅರಳಿಸಿ ಬೀಸಿದ ಹಿಟ್ಟು. ಅಜ್ಜಿಯರು ಹುರಿಟ್ಟು ಅಂತಿದ್ದರಲ್ಲ, ಅದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಡಬ್ಬಿ ಪುಡಿಯ ಜಾಹೀರಾತು ನೋಡಿ ಕಣ್ಣರಳಿಸೋ ಅಗತ್ಯ ಇಲ್ಲ. ಒಂದು ಕೇಜಿ ರಾಗಿ ಕಲ್ಲು ಮಣ್ಣು ಹೋಗೋ ಹಾಗೆ ತೊಳೆದು ಸೋಸಿ, ನೀರು ಪೂರ್ತಿ ಬಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಟ್ಟಿದರೆ ತಂಪಾಗಿರಬೇಕು, ಆದರೆ ಕೈಗೆ ಅಂಟಬಾರದು. ಎಲ್ಲ ಕೆಡೋದು ಇಲ್ಲೇ. ತೇವ ಹೆಚ್ಚಾದರೆ ಕಾಳು ಬಾಣಲೆಗೆ ಅಂಟಿ ಬೇಯುತ್ತೆ, ಅರಳಲ್ಲ. ಕಡಿಮೆಯಾದರೆ ಅರಳೋಕೆ ಮುಂಚೆ ಕರಿಯಾಗುತ್ತೆ. ದಪ್ಪ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದಿರಬೇಕು, ಒಂದು ಸಲಕ್ಕೆ ಒಂದೇ ಹಿಡಿ. ಬೇಗ ಮುಗಿಸೋಣ ಅಂತ ಬಟ್ಟಲುಗಟ್ಟಲೆ ಸುರಿದರೆ ಬಾಣಲೆ ತಣ್ಣಗಾಗಿ ಒಂದು ಕಾಳೂ ಅರಳಲ್ಲ. ಪಟಪಟ ಅಂತ ಬಿಳಿ ಹೂವಾಗುತ್ತಿದ್ದ ಹಾಗೇ ಇಳಿಸಿ. ಪೂರ್ತಿ ಆರಿದ ಮೇಲೆ 100 ಗ್ರಾಂ ಹುರಿಗಡಲೆ, ನಾಲ್ಕು ಏಲಕ್ಕಿ ಸೇರಿಸಿ ಮಿಲ್ಲಿಗೆ ಕಳಿಸಿ. ಬಿಸಿ ಇದ್ದಾಗಲೇ ಬೀಸಿಸಿ ಡಬ್ಬಿಗೆ ತುಂಬಿದರೆ ಬೆವತು ಗಂಟಾಗುತ್ತೆ, ಬೇಗ ಮುಗ್ಗಲು ವಾಸನೆ ಬರುತ್ತೆ.

ವರ್ಷ ತುಂಬಿದ ಮಗುವಿಗೆ ಎರಡು ಚಮಚ ಹಿಟ್ಟು, ಕಾಯಿಸಿ ಆರಿಸಿದ ಹಾಲು ಅರ್ಧ ಲೋಟ, ಹಿಸುಕಿದ ಬಾಳೆಹಣ್ಣು. ಒಲೆ ಹಚ್ಚೋ ಕೆಲಸ ಇಲ್ಲ. ಕುದಿಯೋ ಹಾಲು ಹಾಕಿದರೆ ಗಂಟು ಬೀಳುತ್ತೆ. ಒಣ ಹಿಟ್ಟು ಬಾಯಿಗೆ ಹಾಕಬೇಡಿ, ನೆತ್ತಿಗೇರುತ್ತೆ. "ಬೆಲ್ಲ ಹಾಕಬಹುದಲ್ವಾ, ಸಕ್ಕರೆ ಅಲ್ವಲ್ಲ?" ಬೆಲ್ಲಾನೂ ಸಕ್ಕರೇನೇ ಸ್ವಾಮಿ, ಬಣ್ಣ ಬೇರೆ. ಎರಡು ವರ್ಷದ ತನಕ ಎರಡೂ ಬೇಡ.

ಕಡ್ಲೆಕಾಯಿ ಬೀಜಕ್ಕೆ ಒಂದು ಮಾತು. ಐದು ವರ್ಷದೊಳಗೆ ಇಡೀ ಬೀಜ ಕೊಡಬೇಡಿ, ಉಸಿರು ನಾಳಕ್ಕೆ ಸಿಕ್ಕಿಕೊಳ್ಳುತ್ತೆ. ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ ಹುರಿಹಿಟ್ಟಿಗೆ ಒಂದು ಚಮಚ ಸೇರಿಸಿ. ಮಿಕ್ಸಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಒಂದೇ ಸಮ ಬಿಟ್ಟರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಸುಕ್ಕಿದ್ದು, ಬೂಷ್ಟು ಹಿಡಿದಿದ್ದು, ಕಹಿ ಬಂದಿದ್ದು ಎಸೆಯಿರಿ.

ಇಷ್ಟೆಲ್ಲ ಬರೆದ ಮೇಲೂ "ಬೇರೆ ಏನಾದ್ರೂ?" ಅಂತಲೇ ಕೇಳ್ತೀರ. "ಎಷ್ಟು ಹೊತ್ತಿಗೆ ಕೊಡಬೇಕು?" ಅಂತ ಯಾರೂ ಕೇಳಲ್ಲ. ಅದನ್ನ ಕೇಳಿ, ಖುಷಿಯಾಗಿ ಹೇಳ್ತೀನಿ. ರಾತ್ರಿ ಊಟ ಎಂಟಕ್ಕಾದರೆ ತಿಂಡಿ ಐದರೊಳಗೆ, ಒಂದೇ ಸಲ, ಕೂರಿಸಿ, ಟೀವಿ ಆರಿಸಿ. ನಡುವೆ ಕೇಳಿದರೆ ನೀರು. ಹಾಲು ದಿನಕ್ಕೆ ಒಟ್ಟು ಅರ್ಧ ಲೀಟರಿನೊಳಗೆ ಇರಲಿ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತೆ. ತಿನ್ನಲಿಲ್ವಾ, ತಟ್ಟೆ ಎತ್ತಿಡಿ. ಹಿಂದೆ ಹಿಂದೆ ಓಡಬೇಡಿ, ತಾತನನ್ನೂ ಅಂಗಡಿಗೆ ಕಳಿಸಬೇಡಿ.

ದಿನಾ ಹುರಿಹಿಟ್ಟೇ ಬೇಸರ ಅಂದರೆ ಅಲಸಂದೆ ಗುಗ್ಗರಿ ಮಾಡಿ. ಎರಡು ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗೋಷ್ಟು ಬೇಯಬೇಕು, ಮೂರು ವರ್ಷದೊಳಗಿನವರಿಗೆ ಹಿಸುಕಿಯೇ ಕೊಡಿ. ನಿಂಬೆ ರಸ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಅದು ಬೇಕು. ಕಾಳು ಎಂಟು ಗಂಟೆ ನೆನೀಬೇಕು. ರಾತ್ರಿ ಮಲಗೋ ಮುಂಚೆ ನೀರಿಗೆ ಹಾಕಿದರೆ ನಾಳೆ ಸಾಯಂಕಾಲಕ್ಕಾಯ್ತು.