ರೈಲು ಹಿಂದಕ್ಕೆ ಹೊರಡುವ ನಿಲ್ದಾಣ

ಬೀಜಿಂಗ್‌ಗೆ ಹೋದವರೆಲ್ಲ ಮಹಾಗೋಡೆ ನೋಡಿಯೇ ಬರುತ್ತಾರೆ. ನನಗೆ ಮಾತ್ರ ಗೋಡೆಗಿಂತ ಅದರ ಬುಡದಲ್ಲಿ ಹಾದುಹೋಗುವ ಹಳೇ ರೈಲು ಹಳಿಯ ಮೇಲೆ ಜಾಸ್ತಿ ಆಸೆ. ಹಾಗಾಗಿ ಹುವಾಂಗ್‌ತುದಿಯಾನ್ ನಿಲ್ದಾಣಕ್ಕೆ ಹೋಗಿ ಎಸ್2 ರೈಲು ಹತ್ತಿದೆ. ಮಹಾಗೋಡೆ ಇರುವ ಬಾದಾಲಿಂಗ್‌ಗೆ ಒಂದೂಕಾಲು ಗಂಟೆ ದಾರಿ.

ಈ ಹಳಿ ಹಾಕಿದ್ದು 1905ರಿಂದ 1909ರ ನಡುವೆ, ಚಿಂಗ್ ದೊರೆಗಳ ಕೊನೆಗಾಲದಲ್ಲಿ. ಬೀಜಿಂಗ್‌ನಿಂದ ಝಾಂಗ್‌ಜಿಯಾಕೌವರೆಗೆ ಸುಮಾರು 200 ಕಿಲೋಮೀಟರ್. ಬ್ರಿಟನ್ ಮತ್ತು ರಷ್ಯಾ ಎರಡಕ್ಕೂ ಈ ಕೆಲಸದ ಮೇಲೆ ಕಣ್ಣಿತ್ತು. ಕೊನೆಗೆ ಹೊರಗಿನವರ ಸಾಲವೂ ಬೇಡ, ಇಂಜಿನಿಯರೂ ಬೇಡ ಎಂದು ಚೀನಾ ತಾನೇ ಕಟ್ಟಿತು.

ಅದಕ್ಕೂ 30 ವರ್ಷ ಹಿಂದೆ ಇದೇ ಸರ್ಕಾರ ರೈಲು ಬೇಡವೇ ಬೇಡ ಅಂದಿತ್ತು. 1876ರಲ್ಲಿ ಬ್ರಿಟಿಷ್ ವ್ಯಾಪಾರಿಗಳು ರಸ್ತೆ ಮಾಡುತ್ತೇವೆಂದು ಜಾಗ ಪಡೆದು, ಶಾಂಘೈನಿಂದ ವೂಸಾಂಗ್‌ಗೆ ರೈಲು ಓಡಿಸಿಬಿಟ್ಟರು. ಒಬ್ಬ ಮನುಷ್ಯ ರೈಲಿಗೆ ಸಿಕ್ಕಿ ಸತ್ತ. ಸರ್ಕಾರ ದುಡ್ಡು ಕೊಟ್ಟು ಆ ರೈಲನ್ನು ಕೊಂಡು, 1877ರಲ್ಲಿ ಹಳಿ ಕಿತ್ತುಹಾಕಿತು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಲಗಳಲ್ಲಿ ಹಿರಿಯರ ಗೋರಿಗಳಿದ್ದವು. ಪರದೇಶದವರ ಕೈಯಲ್ಲಿ ಸೋತ ಅಫೀಮು ಯುದ್ಧಗಳ ಗಾಯ ಇನ್ನೂ ಹಸಿಯಾಗಿತ್ತು. ಹಳಿ ಹಾಕಿದರೆ ಅದರ ಮೇಲೆ ನಾಳೆ ಪರದೇಶದ ಸೈನ್ಯವೇ ಬರಬಹುದು ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ.

ಟೆಲಿಗ್ರಾಫ್ ಕಥೆಯೂ ಹೀಗೇ. 1871ರಲ್ಲಿ ಡೆನ್ಮಾರ್ಕಿನ ಕಂಪನಿಯೊಂದು ಸಮುದ್ರದಡಿಯ ತಂತಿಯನ್ನು ಶಾಂಘೈಗೆ ತಂದಿತು. ಆದರೆ ಚೀನೀ ಅಕ್ಷರಗಳು ಸಾವಿರಾರು, ತಂತಿಯಲ್ಲಿ ಕಳಿಸುವುದು ಹೇಗೆ? ಒಂದೊಂದು ಅಕ್ಷರಕ್ಕೂ ನಾಲ್ಕಂಕಿಯ ಸಂಖ್ಯೆ ಕೊಟ್ಟರು. ಈ ಕಡೆಯ ಗುಮಾಸ್ತ ಪುಸ್ತಕ ನೋಡಿ ಅಂಕಿ ಕುಟ್ಟಬೇಕು, ಆ ಕಡೆಯವನು ಪುಸ್ತಕ ತಿರುವಿ ಅಕ್ಷರ ಹುಡುಕಬೇಕು. ಎಂಥ ತಾಳ್ಮೆಯ ಕೆಲಸ ಅಲ್ವಾ! ಲಿ ಹಾಂಗ್‌ಝಾಂಗ್ ಎಂಬ ದೊಡ್ಡ ಅಧಿಕಾರಿಗೆ ಇದರ ಬೆಲೆ ಗೊತ್ತಾಯಿತು. 1879ರಲ್ಲಿ ತಿಯಾನ್‌ಜಿನ್ ನಗರದಿಂದ ಕಡಲಂಚಿನ ದಾಗು ಕೋಟೆಗಳಿಗೆ ತಂತಿ ಎಳೆಸಿದರು.

ನನಗೆ ತುಂಬಾ ಇಷ್ಟವಾದ ವರ್ಷ 1881. ತಿಯಾನ್‌ಜಿನ್‌ನಿಂದ ಶಾಂಘೈವರೆಗೆ ತಂತಿ ಮುಟ್ಟಿದ್ದು ಆಗ. ಕೈಪಿಂಗ್ ಕಲ್ಲಿದ್ದಲು ಗಣಿಗಾಗಿ ತಾಂಗ್‌ಶಾನ್‌ನಲ್ಲಿ ಸುಮಾರು 10 ಕಿಲೋಮೀಟರ್ ಹಳಿ ಬಿದ್ದದ್ದೂ ಆಗಲೇ. ಆ ಹಳಿಯನ್ನು ಯಾರೂ ಕೀಳಲಿಲ್ಲ. ಅದೇ ವರ್ಷ ಅಮೆರಿಕದ ಯೇಲ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಊರಿಗೆ ಮರಳಿದ ಹುಡುಗ ಝಾನ್ ತಿಯಾನ್‌ಯೂ. ಸರ್ಕಾರವೇ ಓದಲು ಕಳಿಸಿದ 120 ಹುಡುಗರಲ್ಲಿ ಒಬ್ಬ. ಹೋಗುವಾಗ ವಯಸ್ಸು ಬರೀ 11. ರೈಲು ಕಟ್ಟುವುದು ಕಲಿತು ಬಂದವನನ್ನು ಮೊದಲು ಹಾಕಿದ್ದು ಹಡಗಿನ ಶಾಲೆಗೆ! ಹಳಿಯ ಕೆಲಸ ಸಿಗಲು 1888ರವರೆಗೆ ಕಾಯಬೇಕಾಯಿತು. ನಾನು ಹೊರಟಿದ್ದ ಈ ಝಾಂಗ್‌ಜಿಯಾಕೌ ಮಾರ್ಗದ ಮುಖ್ಯ ಇಂಜಿನಿಯರ್ ಅವರೇ.

ನಾನ್‌ಕೌ ದಾಟಿದ ಮೇಲೆ ಬೆಟ್ಟ ಎರಡೂ ಕಡೆಯಿಂದ ಒತ್ತಿಕೊಂಡು ಬಂತು. ರೈಲಿನ ವೇಗ ಇಳಿಯಿತು. ಇಲ್ಲಿ 1000 ಮೀಟರ್ ಹೋಗುವಷ್ಟರಲ್ಲಿ ಹಳಿ 33 ಮೀಟರ್‌ನಷ್ಟು ಏರುತ್ತದೆ. ಹಿಂದೆ ಉಗಿಬಂಡಿಗಳ ಕಾಲದಲ್ಲಿ ಮುಂದೊಂದು, ಹಿಂದೊಂದು ಇಂಜಿನ್ ಬೇಕಿತ್ತು. ಚಿಂಗ್‌ಲಾಂಗ್‌ಚಾವ್ ಬಂತು, ರೈಲು ನಿಂತಿತು. ಒಂದೇ ಮಹಡಿಯ ಹಳೇ ಕಟ್ಟಡ, ಪಕ್ಕದಲ್ಲಿ ಎತ್ತರದ ಜಾಗದಲ್ಲಿ ಝಾನ್ ಅವರ ಕಂಚಿನ ಪ್ರತಿಮೆ. ಅವರ ಸಮಾಧಿಯೂ ಅಲ್ಲೇ ಇದೆ. ಇಳಿಯಲು ಬಿಡುವುದಿಲ್ಲ. ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಸ್ವಲ್ಪ ಹೊತ್ತಿಗೆ ರೈಲು ಬಂದ ದಿಕ್ಕಿಗೇ ಹೊರಟಿತು, ಆದರೆ ಬೇರೆ ಹಳಿಯ ಮೇಲೆ. ಪಕ್ಕದಲ್ಲೇ, ತಗ್ಗಿನಲ್ಲಿ, ನಾವು ಹತ್ತಿ ಬಂದ ಹಳಿ ಕಾಣುತ್ತಿತ್ತು.

ಇಂಗ್ಲಿಷಿನ ವಿ ಅಕ್ಷರವನ್ನು ತಲೆಕೆಳಗು ಮಾಡಿದ ಆಕಾರ ಇದು. ಒಂದು ತೋಳಿನಲ್ಲಿ ಹತ್ತಿ, ತುದಿಯಲ್ಲಿ ನಿಂತು, ಇನ್ನೊಂದು ತೋಳಿನಲ್ಲಿ ಮತ್ತೆ ಹತ್ತುವುದು. ಹೀಗೆ ಎತ್ತರ ಗಳಿಸಿದ್ದರಿಂದಲೇ ಬಾದಾಲಿಂಗ್ ಸುರಂಗ 1091 ಮೀಟರ್‌ಗೆ ಮುಗಿಯಿತು. ಅದಕ್ಕೂ ಬೆಟ್ಟದ ಮೇಲಿನಿಂದ ಬಾವಿ ತೋಡಿ, ಒಳಗಿಳಿದು, ನಡುವಿನಿಂದಲೂ ಕೊರೆದರು.

ಬಾದಾಲಿಂಗ್‌ನಲ್ಲಿ ಝಾನ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ, ತಪ್ಪಿಸಬೇಡಿ. ಬರುವಾಗ ನಾನು ಹೈಸ್ಪೀಡ್ ರೈಲು ಹಿಡಿದೆ. 2019ರ ಕೊನೆಯಲ್ಲಿ ಶುರುವಾದ ಮಾರ್ಗ. ಅದರ ಬಾದಾಲಿಂಗ್ ನಿಲ್ದಾಣ ನೆಲದಿಂದ 102 ಮೀಟರ್ ಆಳದಲ್ಲಿದೆ. ಈ ಹೊಸ ಮಾರ್ಗದ ಸುರಂಗ ಚಿಂಗ್‌ಲಾಂಗ್‌ಚಾವ್ ನಿಲ್ದಾಣದ ಅಡಿಯಲ್ಲೇ ಹಾದುಹೋಗುತ್ತದೆ. ಅದೂ ನೋಡುವಂಥದ್ದೇ, ಆದರೆ ಹೋಗುವಾಗಲಾದರೂ ನಿಧಾನದ ರೈಲನ್ನೇ ಹತ್ತಿ.