ಡಿ'ಸೋಜ ಎಂಬ ಹೆಸರನ್ನು ಹುಡುಕಲಾಗದ ಮೆನು

ಮಂಗಳೂರಿನ ಒಂದು ಸಹಕಾರಿ ಸಂಘದ ಸದಸ್ಯರ ಲೆಕ್ಕಪತ್ರಗಳೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದ್ದವು. ಕೌಂಟರಿನ ಸಿಬ್ಬಂದಿ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಬೇಕಾಗಿ ಬರಬಾರದೆಂದು ನಾನು ಬ್ಯಾಶ್ ಎಂಬ ಶೆಲ್‌ನಲ್ಲಿ (ಟೈಪ್ ಮಾಡಿದ ಆದೇಶಗಳನ್ನು ನಡೆಸುವ ತಂತ್ರಾಂಶ) ಒಂದು ಮೆನು ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. 1 ಒತ್ತಿದರೆ ಸದಸ್ಯತ್ವದ ಸಂಖ್ಯೆಯಿಂದ, 2 ಒತ್ತಿದರೆ ಹೆಸರಿನಿಂದ ಹುಡುಕಬಹುದಿತ್ತು. 3 ಒತ್ತಿದರೆ ಬಾಕಿ ಕಂತುಗಳ ಪಟ್ಟಿ ಬರುತ್ತಿತ್ತು. ಹೆಚ್ಚಿನವರು ಸಂಖ್ಯೆಯಿಂದಲೇ ಹುಡುಕುತ್ತಿದ್ದುದರಿಂದ ಎರಡನೆಯ ಆಯ್ಕೆಯ ದೋಷ ಬಹಳ ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ದಿನ ಹಿರಿಯ ಸದಸ್ಯರೊಬ್ಬರು ಪಾಸ್‌ಬುಕ್ ಹಿಡಿದು ಬಂದಾಗ, ಅವರ ಹೆಸರು ದಾಖಲೆಯಲ್ಲಿಲ್ಲವೆಂದು ಕೌಂಟರಿನಲ್ಲಿ ಹೇಳಿ ಕಳುಹಿಸಿದರು. ಅವರ ಮನೆತನದ ಹೆಸರು ಡಿ'ಸೋಜ. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಸಾಮಾನ್ಯವಾದ ಹೆಸರುಗಳು ಕಡಿಮೆ. ಟೈಪ್ ಮಾಡಿದ ಹೆಸರನ್ನು ನಾನು ನೇರವಾಗಿ ಕ್ವೆರಿಯ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ, ಉದ್ಧರಣ ಚಿಹ್ನೆಗಳ ನಡುವೆ ಸೇರಿಸಿದ್ದರಿಂದ, ಹೆಸರಿನಲ್ಲಿದ್ದ ಚಿಹ್ನೆಯ ಬಳಿಯೇ ಪಠ್ಯ ಮುಗಿದುಹೋಗಿ ಸರ್ವರ್ ಆ ಕ್ವೆರಿಯನ್ನು ತಿರಸ್ಕರಿಸುತ್ತಿತ್ತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ವಿಷಯ. ಪರದೆ ಚೊಕ್ಕಟವಾಗಿರಲೆಂದು ನಾನು ದೋಷದ ಸಂದೇಶಗಳನ್ನೆಲ್ಲ ಬಂದದ್ದನ್ನೆಲ್ಲ ನುಂಗಿಬಿಡುವ ಡೆವ್ ನಲ್‌ಗೆ ಕಳುಹಿಸಿದ್ದೆ, ಮತ್ತು ಉತ್ತರ ಖಾಲಿಯಾಗಿ ಬಂದರೆ 'ದಾಖಲೆ ಇಲ್ಲ' ಎಂದು ತೋರಿಸುತ್ತಿದ್ದೆ. ಹೀಗಾಗಿ ವಿಫಲವಾದ ಕ್ವೆರಿಗೂ ನಿಜಕ್ಕೂ ಇಲ್ಲದ ಸದಸ್ಯನಿಗೂ ಒಂದೇ ಉತ್ತರ ಸಿಗುತ್ತಿತ್ತು, ಅದನ್ನು ನಂಬಿ ಮಾತಾಡಿದ ಗುಮಾಸ್ತೆಯದು ಯಾವ ತಪ್ಪೂ ಇರಲಿಲ್ಲ. ಪೋಸ್ಟ್‌ಗ್ರೆಸ್‌ಗೆ ಕ್ವೆರಿ ಕಳುಹಿಸುವ ಪಿಎಸ್‌ಕ್ಯೂಎಲ್ ಎಂಬ ತಂತ್ರಾಂಶ, ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ (ಸ್ಕ್ರಿಪ್ಟ್ ಅದಕ್ಕೆ ಹರಿಸುವ ಪಠ್ಯದಿಂದ) ಓದುವಾಗ, ನಾವಾಗಿ ಹೇಳದಿದ್ದರೆ, ಕ್ವೆರಿ ತಪ್ಪಿದರೂ ಎಲ್ಲ ಸರಿಯಾಗಿದೆ ಎಂಬರ್ಥದ 0 ಎಂಬ ಎಕ್ಸಿಟ್ ಕೋಡ್ ಕೊಟ್ಟೇ ಮುಗಿಯುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ತಿದ್ದುವಾಗ ಹೆಸರನ್ನು ಪಿಎಸ್‌ಕ್ಯೂಎಲ್‌ನ ವೇರಿಯಬಲ್ ಆಗಿ ಕೊಟ್ಟು, ಕ್ವೆರಿಯೊಳಗೆ ಕೋಲನ್ ಮತ್ತು ಉದ್ಧರಣ ಚಿಹ್ನೆಗಳೊಂದಿಗೆ ಕರೆದೆ. ಹಾಗೆ ಕರೆದರೆ ಒಳಗಿನ ಚಿಹ್ನೆಗಳನ್ನು ಸರಿಯಾಗಿ ಹೊಂದಿಸುವ ಹೊಣೆಯನ್ನು ಪಿಎಸ್‌ಕ್ಯೂಎಲ್ ತಾನೇ ವಹಿಸಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಆದೇಶದ ಸಾಲಿನಲ್ಲೇ ಕ್ವೆರಿ ಕೊಡುವ ಮೈನಸ್ ಸಿ ಆಯ್ಕೆಯಲ್ಲಿ ಬರೆದ ಕ್ವೆರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ, ಫೈಲಿನಿಂದಲೋ ಸ್ಕ್ರಿಪ್ಟಿನೊಳಗೇ ಎರಡು ಗುರುತುಗಳ ನಡುವೆ ಬರೆದ ಪಠ್ಯವಾದ ಹಿಯರ್ ಡಾಕ್ಯುಮೆಂಟ್‌ನಿಂದಲೋ ಕಳುಹಿಸಬೇಕು. ಹಿಯರ್ ಡಾಕ್ಯುಮೆಂಟ್‌ನ ಗುರುತಿಗೂ ಉದ್ಧರಣ ಚಿಹ್ನೆ ಹಾಕಿದರೆ ಶೆಲ್ ಒಳಗಿನ ಡಾಲರ್ ಚಿಹ್ನೆಗಳನ್ನು ಮುಟ್ಟುವುದಿಲ್ಲ. ಜೊತೆಗೆ ದೋಷ ಬಂದೊಡನೆ ನಿಲ್ಲಿಸುವ ಆನ್ ಎರರ್ ಸ್ಟಾಪ್ ಎಂಬ ಸೆಟ್ಟಿಂಗ್ ಸೇರಿಸಿದೆ. ಈಗ ಕ್ವೆರಿ ತಪ್ಪಿದರೆ ಎಕ್ಸಿಟ್ ಕೋಡ್ 3, ಸಂಪರ್ಕ ಸಿಗದಿದ್ದರೆ 2 ಬರುತ್ತದೆ, ಎರಡಕ್ಕೂ ಮೆನು ಬೇರೆ ಬೇರೆ ಸಂದೇಶ ತೋರಿಸುತ್ತದೆ. ಹೆಸರಿನ ಜಾಗದಲ್ಲಿ ಯಾರಾದರೂ ಟೇಬಲ್ ಅಳಿಸುವ ಆದೇಶವನ್ನೇ ಟೈಪ್ ಮಾಡಿದ್ದರೂ ಹಳೆಯ ಸ್ಕ್ರಿಪ್ಟ್ ಅದನ್ನು ಸರ್ವರ್‌ಗೆ ಒಯ್ಯುತ್ತಿತ್ತು ಎಂಬುದೂ ಆಗಲೇ ಹೊಳೆದದ್ದರಿಂದ, ಮೆನುವಿನ ಬಳಕೆದಾರನಿಗೆ ಓದುವ ಅನುಮತಿಯನ್ನು ಮಾತ್ರ ಉಳಿಸಿದೆ.

ಆ ಹಿರಿಯರಿಗೆ ನಾನೇ ಫೋನ್ ಮಾಡಿ, ಅವರ ಖಾತೆ ಯಥಾಪ್ರಕಾರ ಇದೆಯೆಂದು ತಿಳಿಸಿ ಕ್ಷಮೆ ಕೇಳಿದೆ. ಈಗ ಸ್ಕ್ರಿಪ್ಟ್ ಬದಲಾದಾಗಲೆಲ್ಲ ಒಂದು ಪಟ್ಟಿಯ ಹೆಸರುಗಳನ್ನು ಹುಡುಕಿ ನೋಡುತ್ತೇನೆ. ಅದರಲ್ಲಿ ಡಿ'ಸೋಜ, ಡಿ'ಸಿಲ್ವಾ, ಡಿ'ಕುನ್ಹಾ ಮೊದಲಿಗೆ ಇವೆ.